ರಾತ್ರಿ ನಡಿಗೆಯಲ್ಲಿ ಹುಳ, ಜೇಡಗಳ ಮ್ಯಾಕ್ರೋ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ಜೀವಿಗಳನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಫೋಟೋಗಾಗಿ ಟಾರ್ಚು ಹಿಡಿದು ಕತ್ತಲಲ್ಲಿ ಒಂದೇ ಗಿಡದ ಮುಂದೆ ಹತ್ತು ನಿಮಿಷ ಬಗ್ಗಿ ನಿಂತರೆ ದಾರಿಹೋಕರು ಎರಡೇ ಪ್ರಶ್ನೆ ಕೇಳುತ್ತಾರೆ: "ಏನು ಕಳೆದುಹೋಯ್ತು?", "ಹಾವಿನ ಭಯ ಇಲ್ವಾ?" ಎರಡನೆಯದಕ್ಕೆ ಕೆಳಗೆ ಉತ್ತರವಿದೆ. ಉಳಿದವು ನನ್ನ ಜೊತೆ ನಡೆಯಲು ಬಂದವರು, ಬರಬೇಕೆಂದು ಆಸೆಪಟ್ಟವರು ಕೇಳಿದ್ದು. ಹೆಚ್ಚಿನವರು ಲೆನ್ಸಿನಿಂದ ಮಾತು ಶುರು ಮಾಡುತ್ತಾರೆ. ನಾನು ಬೆಳಕಿನಿಂದ ಶುರು ಮಾಡಿ ಎನ್ನುವವನು. ಹುಳ ಹುಡುಕುವುದು, ಫೋಕಸ್ ಮಾಡುವುದು, ಚಿತ್ರ ತೆಗೆಯುವುದು ಎಲ್ಲವೂ ಬೆಳಕಿನಿಂದ. ಹುಳಕ್ಕೆ ನಾವು ಕೊಡುವ ಕಾಟವೂ ಮುಕ್ಕಾಲು ಪಾಲು ಬೆಳಕಿನಿಂದಲೇ.

ಹಗಲು ಬಿಟ್ಟು ರಾತ್ರಿಯೇ ಯಾಕೆ?

ಬಿಸಿಲಿಗೆ ಮೈ ಕಾದ ಹುಳ ನಿಮಗಿಂತ ಚುರುಕು. ನಿಮ್ಮ ನೆರಳು ಬಿದ್ದರೆ ಸಾಕು, ಹಾರಿಹೋಗುತ್ತದೆ. ರಾತ್ರಿ ಅದೇ ಹುಳ ಕಡ್ಡಿಯ ತುದಿಯಲ್ಲಿ ಅಲ್ಲಾಡದೆ ಮಲಗಿರುತ್ತದೆ. ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಅಮೆಗಿಲ್ಲಾ ಕುಲದ ಒಂಟಿ ಜೇನುಗಳನ್ನು ನೋಡಬೇಕು: ಒಣಕಡ್ಡಿಯನ್ನು ದವಡೆಯಲ್ಲಿ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು, ಒಂದರ ಪಕ್ಕ ಒಂದು ನಿದ್ದೆ ಹೊಡೆಯುತ್ತಿರುತ್ತವೆ. ಹಗಲಲ್ಲಿ ಹೂವಿನಿಂದ ಹೂವಿಗೆ ಅವುಗಳ ಹಿಂದೆ ಓಡಿ ಸೋತವರಿಗೆ ಇದು ಸೇಡು ತೀರಿಸಿಕೊಂಡಷ್ಟು ಖುಷಿ.

ಕೆಲವು ಕೆಲಸಗಳು ನಡೆಯುವುದೇ ಕತ್ತಲಲ್ಲಿ. ಜೀರುಂಡೆಯ ಮರಿ ಮಣ್ಣಿನಿಂದೆದ್ದು, ಕಾಂಡ ಹತ್ತಿ, ಬೆನ್ನು ಸೀಳಿಕೊಂಡು ಹೊರಬರುವುದು ಹೆಚ್ಚಾಗಿ ಹಕ್ಕಿಗಳೆಲ್ಲ ಗೂಡು ಸೇರಿದ ಮೇಲೆ. ಚಕ್ರದಂಥ ಬಲೆ ನೇಯುವ ಅನೇಕ ಜೇಡಗಳು ಸಂಜೆಗೆ ಬಲೆ ಕಟ್ಟಿ ಬೆಳಗಾಗುವುದರೊಳಗೆ ಅದನ್ನು ತಿಂದು ಮುಗಿಸುತ್ತವೆ. ಸೂರ್ಯನ ಕುದುರೆಯ ಕಣ್ಣು ಹಗಲಲ್ಲಿ ಹೆಚ್ಚುಕಡಿಮೆ ಮೈಬಣ್ಣದ್ದೇ. ರಾತ್ರಿ ಕಣ್ಣೊಳಗಿನ ಬಣ್ಣದ ಕಣಗಳು ಜಾಗ ಬದಲಿಸಿ ಇಡೀ ಕಣ್ಣು ಕಪ್ಪಾಗುತ್ತದೆ. ಅದಕ್ಕೇನೋ ಕಾಯಿಲೆ ಎಂದು ಗಾಬರಿಯಾದ ಗೆಳೆಯನೊಬ್ಬನನ್ನು ಸಮಾಧಾನಪಡಿಸಬೇಕಾಗಿ ಬಂದಿತ್ತು.

ನನಗೆ ಏನೂ ಕಾಣುವುದೇ ಇಲ್ಲ. ಹುಡುಕುವುದು ಹೇಗೆ?

ನೀವು ಬೇಗ ನಡೆಯುತ್ತಿದ್ದೀರಿ. ನಡಿಗೆ ಎಂಬ ಹೆಸರೇ ದಾರಿ ತಪ್ಪಿಸುತ್ತದೆ. ಒಂದು ಗಂಟೆಯಲ್ಲಿ ನೂರು ಹೆಜ್ಜೆ ಹೋದರೂ ಅದು ಅವಸರವೇ. ಒಂದು ಪೊದೆ ಆರಿಸಿಕೊಂಡು ಎಲೆಯ ಮೇಲೆ, ಎಲೆಯ ಅಡಿ, ಕಾಂಡ, ಎಲೆ ಮಡಿಚಿದ ಜಾಗ, ಹೀಗೆ ಒಂದೊಂದನ್ನೇ ನೋಡಿ. ತಿಂದು ತೂತಾದ ಎಲೆ ಕಂಡರೆ ತಿಂದವರು ಹತ್ತಿರದಲ್ಲೇ ಇರುತ್ತಾರೆ. ಎಲೆಯ ಮೇಲೆ ಕಪ್ಪು ಕಾಳಿನಂಥ ಹಿಕ್ಕೆ ಬಿದ್ದಿದ್ದರೆ ನೇರ ಅದರ ಮೇಲಿರುವ ಎಲೆಗಳಿಗೆ ಟಾರ್ಚ್ ಬಿಡಿ, ಕಂಬಳಿಹುಳ ಸಿಗುತ್ತದೆ.

ಜೇಡಗಳಿಗೆ ಬೇರೆಯೇ ಉಪಾಯವಿದೆ. ಟಾರ್ಚನ್ನು ಸೊಂಟದ ಹತ್ತಿರ ಹಿಡಿಯದೆ ಕಣ್ಣಿನ ಪಕ್ಕಕ್ಕೆ ತನ್ನಿ, ಅಥವಾ ಹಣೆಗೆ ಕಟ್ಟುವ ಹೆಡ್‌ಲ್ಯಾಂಪ್ ಬಳಸಿ. ತೋಳ ಜೇಡದ ಕೆಲವು ಕಣ್ಣುಗಳ ಹಿಂದೆ ಕನ್ನಡಿಯಂಥ ಪದರವಿದೆ. ಬೆಳಕು ಬಂದ ದಾರಿಯಲ್ಲೇ ಹಿಂದಿರುಗುವುದರಿಂದ ನಿಮ್ಮ ಕಣ್ಣು ಆ ದಾರಿಯಲ್ಲಿದ್ದರೆ ಮಾತ್ರ ಹೊಳಪು ಕಾಣುತ್ತದೆ. ಹುಲ್ಲಿನ ಮೇಲೆ ಬೆಳಕು ಹಾಯಿಸಿದಾಗ ಹತ್ತು ಹದಿನೈದು ಅಡಿ ದೂರದಲ್ಲಿ ಹಸಿರು-ನೀಲಿ ಕಿಡಿಯೊಂದು ಕಂಡೀತು. ಇಬ್ಬನಿಯೂ ಹೊಳೆಯುತ್ತದೆ, ಆದರೆ ತಲೆ ಆಡಿಸಿದಂತೆ ಅದರ ಮಿನುಗು ಹೊತ್ತಿಕೊಂಡು ಆರುತ್ತದೆ. ಜೇಡದ ಕಣ್ಣು ದಿಟ್ಟಿಸಿ ನೋಡುತ್ತದೆ, ಅದು ಪಕ್ಕಕ್ಕೆ ತಿರುಗಿದಾಗ ದೀಪ ಆರಿಸಿದ ಹಾಗೆ ಮಾಯ.

ಒಮ್ಮೆ ಇಂಥದೊಂದು ಕಿಡಿಯ ಬೆನ್ನು ಹತ್ತಿ ಹೋದೆ. ಹತ್ತಿರವಾದಂತೆ ಕಿಡಿಯ ಹಿಂದೆ ಮರಳು ಚೆಲ್ಲಿದ ಹಾಗೆ ಇನ್ನೊಂದಿಷ್ಟು ಸಣ್ಣ ಹೊಳಪು. ಮೊಣಕಾಲೂರಿ ಲೆನ್ಸಿನಲ್ಲಿ ನೋಡಿದರೆ ತಾಯಿ ಜೇಡ. ಬೆನ್ನಿನ ತುಂಬ ಮರಿಗಳು, ಒಂದರ ಮೇಲೊಂದು ಹತ್ತಿ ಕೂತು ಕಾಲಿಗೆ ಕಾಲು ತೊಡರಿಸಿಕೊಂಡಿವೆ. ಒಂದು ಮರಿ ಜಾರಿ ತಾಯಿಯ ಕಣ್ಣಿನ ಮೇಲೆಯೇ ಬಂದು ಕೂತಿತ್ತು. ತಾಯಿ ಮುಂಗಾಲಿನಿಂದ ಅದನ್ನು ಹಿಂದಕ್ಕೆ ಸವರಿದಳು. ಆ ಚಿತ್ರ ನನಗೆ ಸಿಗಲಿಲ್ಲ. ಫ್ಲ್ಯಾಶ್ ಆನ್ ಮಾಡಲು ಮರೆತಿದ್ದೆ.

ಯಾವ ಲೆನ್ಸ್ ಬೇಕು?

ಮೊದಲು 1:1 ಎಂದರೇನು ತಿಳಿಯೋಣ. ಹುಳ ಎಷ್ಟು ದೊಡ್ಡದೋ ಸೆನ್ಸರ್ (ಕ್ಯಾಮೆರಾದೊಳಗೆ ಚಿತ್ರ ಮೂಡುವ ಫಲಕ) ಮೇಲೆ ಅಷ್ಟೇ ದೊಡ್ಡ ಬಿಂಬ ಮೂಡಿದರೆ ಅದು 1:1. ಫುಲ್‌ಫ್ರೇಮ್ ಸೆನ್ಸರ್ 36×24 ಮಿ.ಮೀ. ಅಂದರೆ 12 ಮಿ.ಮೀ. ಉದ್ದದ ಜೇಡ ಚೌಕಟ್ಟಿನ ಅಗಲದಲ್ಲಿ ಮೂರನೇ ಒಂದು ಭಾಗ ತುಂಬುತ್ತದೆ. ಇಷ್ಟಿದ್ದರೆ ಬಹುಪಾಲು ಕೆಲಸ ನಡೆಯುತ್ತದೆ. ಸೊಳ್ಳೆಯ ಮುಖ, ಇರುವೆಯ ದವಡೆ ಬೇಕೆಂದರೆ 2:1 ಅಥವಾ ಅದಕ್ಕೂ ಮೇಲೆ ಹೋಗಬೇಕು.

90ರಿಂದ 105 ಮಿ.ಮೀ. ನಡುವಿನ ಮ್ಯಾಕ್ರೋ ಲೆನ್ಸ್ ರಾತ್ರಿಗೆ ಹೇಳಿ ಮಾಡಿಸಿದ್ದು. ಪೂರ್ತಿ ಹತ್ತಿರ ಹೋದಾಗಲೂ ಲೆನ್ಸಿನ ಮೂತಿಗೂ ಹುಳಕ್ಕೂ ಸಾಮಾನ್ಯವಾಗಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಅಂತರ ಉಳಿಯುತ್ತದೆ. ಬೆಳಕು ಒಳಗೆ ನುಗ್ಗಲು ಅಷ್ಟು ಸಾಕು. 60 ಮಿ.ಮೀ. ಆದರೆ ಹುಳದ ಮೂಗಿಗೆ ಮೂಗು ತಾಗಿಸಿದ ಹಾಗೆ.

ಹೊಸ ಲೆನ್ಸ್ ಕೊಳ್ಳದೆಯೂ ಶುರು ಮಾಡಬಹುದು. ಲೆನ್ಸ್ ಮತ್ತು ಕ್ಯಾಮೆರಾ ನಡುವೆ ಹಾಕುವ ಎಕ್ಸ್‌ಟೆನ್ಷನ್ ಟ್ಯೂಬ್‌ನಲ್ಲಿ ಗಾಜೇ ಇಲ್ಲ, ಬರೀ ಖಾಲಿ ಕೊಳವೆ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಹುಳದ ಅರ್ಧ ಗಾತ್ರದ ಬಿಂಬ, ಅಂದರೆ 1:2 ಸಿಗುತ್ತದೆ, 50 ಮಿ.ಮೀ. ಟ್ಯೂಬ್ ಹಾಕಿದರೆ 1:1. ಲೆನ್ಸಿನ ಮುಂದೆ ಸಿಕ್ಕಿಸುವ ರೇನಾಕ್ಸ್ ಡಿಸಿಆರ್-250ರಂಥ ಕ್ಲೋಸ್‌ಅಪ್ ಗಾಜು ನನಗೆ ಇನ್ನೂ ಇಷ್ಟ. ಅದರ ಪವರ್ 8 ಡಯಾಪ್ಟರ್. ಬೇಕಾದಾಗ ಸಿಕ್ಕಿಸಿ, ಬೇಡವಾದಾಗ ಕಿತ್ತು ಜೇಬಿಗೆ ಹಾಕಿಕೊಳ್ಳಬಹುದು. ಲೆನ್ಸನ್ನೇ ತಿರುಗಿಸಿ ಹಾಕುವ ರಿವರ್ಸ್ ರಿಂಗ್ ಎಲ್ಲಕ್ಕಿಂತ ಅಗ್ಗ, ಆದರೆ ಕತ್ತಲಲ್ಲಿ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ) ಜೊತೆ ಒದ್ದಾಡುವ ತಾಳ್ಮೆ ಬೇಕು.

ಬರೀ ಫೋನ್ ಇದೆ. ಆಗುತ್ತದೆಯೇ?

ಆಗುತ್ತದೆ. ಫೋನಿನ ಸ್ವಂತ ಫ್ಲ್ಯಾಶ್ ಮಾತ್ರ ಬಂದ್ ಮಾಡಿ. ಅದು ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಹುಳದ ಮುಖ ಸುಣ್ಣ ಬಳಿದಂತಾಗುತ್ತದೆ. ಜೊತೆಗಿರುವವರಿಗೆ ಟಾರ್ಚ್ ಕೊಟ್ಟು, ಅದರ ಮುಂದೆ ಬಿಳಿ ಟಿಶ್ಯೂ ಅಥವಾ ತೆಳು ಕಾಗದ ಹಿಡಿಸಿ, ಮೇಲಿನಿಂದ ಓರೆಯಾಗಿ ಬೆಳಕು ಬಿಡಿಸಿ. ಸುಮ್ಮನೆ ಕೂತಿರುವ ಪತಂಗ, ಮಲಗಿರುವ ಜೇನು, ಕಡ್ಡಿಹುಳ ಇವನ್ನು ಆರಿಸಿಕೊಳ್ಳಿ. ಓಡುವ ಜೇಡದ ಹಿಂದೆ ಫೋನ್ ಹಿಡಿದು ಹೋಗಿ ಮನಸ್ಸು ಕೆಡಿಸಿಕೊಳ್ಳಬೇಡಿ.

ಸೆಟ್ಟಿಂಗ್ ಹೇಳಿಬಿಡಿ.

ಮ್ಯಾನ್ಯುಯಲ್ ಮೋಡ್, ಶಟರ್ 1/200 ಸೆಕೆಂಡ್, ಅಪರ್ಚರ್ ಎಫ್/8ರಿಂದ ಎಫ್/11, ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಎಂಬ ಅಳತೆ) 200ರಿಂದ 400, ಫ್ಲ್ಯಾಶ್ ಮ್ಯಾನ್ಯುಯಲ್‌ನಲ್ಲಿ ಪೂರ್ತಿ ಪವರಿನ 1/16. ಮೊದಲ ಚಿತ್ರ ನೋಡಿ ಫ್ಲ್ಯಾಶ್ ಪವರ್ ಏರಿಸಿ, ಇಳಿಸಿ. ಉಳಿದದ್ದನ್ನು ಮುಟ್ಟಬೇಡಿ.

ಕೈ ನಡುಗಿದರೆ 1/200 ಸಾಕಾಗುತ್ತದೆಯೇ ಎಂದು ಮರುಪ್ರಶ್ನೆ ಬರುತ್ತದೆ. ಕತ್ತಲಲ್ಲಿ ಚಿತ್ರ ಮೂಡಿಸುವುದು ಶಟರ್ ಅಲ್ಲ, ಫ್ಲ್ಯಾಶ್. ಕಡಿಮೆ ಪವರ್‌ನಲ್ಲಿ ಅದರ ಮಿಂಚು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದ ಆಸುಪಾಸು ಇರುತ್ತದೆ, ನಡುಕ ದಾಖಲಾಗಲು ಪುರುಸೊತ್ತೇ ಇಲ್ಲ. ಪವರ್ ಏರಿಸಿದಂತೆ ಮಿಂಚೂ ಉದ್ದವಾಗುತ್ತದೆ. ಆದ್ದರಿಂದಲೇ ಪೂರ್ತಿ ಪವರ್ ಹಾಕುವ ಬದಲು ಫ್ಲ್ಯಾಶನ್ನು ಹತ್ತಿರ ತರುವುದು ಮೇಲು. ಬ್ಯಾಟರಿಯೂ ಉಳಿಯುತ್ತದೆ, ಮುಂದಿನ ಕ್ಲಿಕ್ಕಿಗೆ ಕಾಯುವುದೂ ತಪ್ಪುತ್ತದೆ.

ಎಫ್/22ಕ್ಕೆ ಹೋಗಿ ಕಿಂಡಿ ಇನ್ನೂ ಸಣ್ಣ ಮಾಡಿದರೆ ಇನ್ನಷ್ಟು ಫೋಕಸ್ ಸಿಗುತ್ತದಲ್ಲ ಎಂದರೆ, ಸಿಗುತ್ತದೆ, ಆದರೆ ಎಲ್ಲವೂ ಮಸುಕಾಗಿ. 1:1ರಲ್ಲಿ ಸಾಮಾನ್ಯ ಲೆನ್ಸಿನ ಎಫ್/11 ನಿಜದಲ್ಲಿ ಎಫ್/22ರ ಹಾಗೆ ವರ್ತಿಸುತ್ತದೆ. ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಬಾಗಿ ಚದುರಿ ಕೂದಲುಗಳ ಚೂಪು ಮೊಂಡಾಗುತ್ತದೆ.

ಎಲ್ಲರೂ ಡಿಫ್ಯೂಸರ್ ಡಿಫ್ಯೂಸರ್ ಎನ್ನುತ್ತಾರೆ. ಅಷ್ಟು ಮುಖ್ಯವೇ?

ಫ್ಲ್ಯಾಶಿನ ಬೆಳಕನ್ನು ಹರಡಿ ಮೃದು ಮಾಡುವ ಹೊದಿಕೆಯೇ ಡಿಫ್ಯೂಸರ್. ಲೆನ್ಸಿಗಿಂತ ಮುಖ್ಯ. ಫ್ಲ್ಯಾಶಿನ ಬರಿಗಣ್ಣು ಹುಳಕ್ಕೆ ಒಂದು ಚೂಪು ದೀಪ. ಗಟ್ಟಿ ರೆಕ್ಕೆಯ ದುಂಬಿಯ ಮೈ ಪಾಲಿಶ್ ಮಾಡಿದ ಪಾತ್ರೆಯಂತಿರುತ್ತದೆ, ಅದರ ಮೇಲೆ ಆ ದೀಪ ಬಿದ್ದರೆ ಬಿಳಿ ಕಲೆ, ಸುತ್ತ ಮಸಿ. ಬಣ್ಣವೆಲ್ಲ ಸುಟ್ಟುಹೋಗುತ್ತದೆ. ಅದೇ ಬೆಳಕನ್ನು ಹಾಲುಬಿಳಿ ಹಾಳೆಯ ಮೂಲಕ ಹರಡಿದರೆ ದುಂಬಿಯ ಬೆನ್ನಿನ ಸಣ್ಣ ಗುಳಿಗಳೂ ಎಣಿಸುವಂತೆ ಕಾಣುತ್ತವೆ.

ಇಲ್ಲಿ ಹುಳದ ಕಣ್ಣಿನಿಂದ ಯೋಚಿಸಬೇಕು. ಅಲ್ಲಿಂದ ನೋಡಿದರೆ ಬೆಳಕು ಎಷ್ಟು ದೊಡ್ಡದಾಗಿ ಕಾಣುತ್ತದೆ? ಅಂಗೈಯಗಲದ ಹಾಳೆ ಎರಡು ಇಂಚು ಮೇಲಿದ್ದರೆ ಅದಕ್ಕೆ ಅದು ಮೋಡ ಕವಿದ ಆಕಾಶ. ಅದೇ ಹಾಳೆ ಎರಡು ಅಡಿ ದೂರದಲ್ಲಿದ್ದರೆ ಮತ್ತೆ ಬೀದಿದೀಪ. ಹಾಗಾಗಿ ದೊಡ್ಡದು ಮತ್ತು ಹತ್ತಿರ, ಎರಡೂ ಬೇಕು. ಪ್ಯಾಕಿಂಗ್‌ಗೆ ಬರುವ ತೆಳು ಬಿಳಿ ಫೋಮ್, ಟ್ರೇಸಿಂಗ್ ಪೇಪರ್, ಹಾಲುಬಿಳಿ ಪ್ಲಾಸ್ಟಿಕ್ ಹಾಳೆ ಯಾವುದಾದರೂ ಆದೀತು. ಫ್ಲ್ಯಾಶಿನಿಂದ ಲೆನ್ಸಿನ ಮೂತಿಯವರೆಗೆ ಸುರಂಗದಂತೆ ರಟ್ಟು ಕಟ್ಟಿ, ಒಳಗೆ ಬಿಳಿ ಬಳಿದು, ಕೊನೆಯಲ್ಲಿ ಹಾಳೆ ಅಂಟಿಸಿ. ಎರಡು ಹಾಳೆಗಳ ನಡುವೆ ಸ್ವಲ್ಪ ಜಾಗ ಬಿಟ್ಟರೆ ನಡುವಿನ ಪ್ರಖರ ಚುಕ್ಕೆ ಇನ್ನೂ ಕರಗುತ್ತದೆ. ಚೆನ್ನಾಗಿದೆಯೋ ಇಲ್ಲವೋ ತಿಳಿಯಲು ಜಿಗಿಯುವ ಜೇಡದ ದೊಡ್ಡ ಕಣ್ಣು ಹಿಗ್ಗಿಸಿ ನೋಡಿ. ನಿಮ್ಮ ಡಿಫ್ಯೂಸರ್ ಅಲ್ಲಿ ಇದ್ದ ಹಾಗೇ ಮೂಡಿರುತ್ತದೆ, ಅಂಟಿಸಿದ ಟೇಪಿನ ಸಮೇತ.

ನನ್ನ ಮೊದಲ ಡಿಫ್ಯೂಸರ್ ಆನೆ ಕಿವಿಯಷ್ಟು ಅಗಲ ಮಾಡಿದ್ದೆ. ಬೆಳಕು ಸೊಗಸಾಗಿತ್ತು. ಆದರೆ ಮೊದಲ ರಾತ್ರಿಯೇ ಅದರ ಅಂಚು ಬಲೆಯೊಂದರ ಆಧಾರದ ಎಳೆಗೆ ತಾಗಿ ಇಡೀ ಬಲೆ ಮುದುಡಿತು. ಜೇಡ ಅಲ್ಲೇ ನೇತಾಡುತ್ತಾ ನನ್ನನ್ನೇ ನೋಡುತ್ತಿದೆ ಅನ್ನಿಸಿತು. ಮರುದಿನ ಅಂಚು ಕತ್ತರಿಸಿದೆ.

ಫೋಕಸ್ ಸಿಗುವುದೇ ಇಲ್ಲ. ನೂರರಲ್ಲಿ ಎರಡು ಚಿತ್ರ ಸರಿ ಬಂದರೆ ಹೆಚ್ಚು.

ನನಗೂ ಅಷ್ಟೇ ಬರುತ್ತಿತ್ತು. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 1:1, ಎಫ್/11 ಇಟ್ಟರೆ ಸ್ಪಷ್ಟವಾಗಿ ಕಾಣುವ ಪದರದ ದಪ್ಪ ಸುಮಾರು 1.3 ಮಿ.ಮೀ. 2:1ಕ್ಕೆ ಹೋದರೆ ಅರ್ಧ ಮಿ.ಮೀ. ನೀವು ಉಸಿರು ಬಿಟ್ಟರೂ ಅದಕ್ಕಿಂತ ಹೆಚ್ಚು ಅಲ್ಲಾಡುತ್ತೀರಿ.

ಆದ್ದರಿಂದ ಆಟೋಫೋಕಸ್ ಬಂದ್ ಮಾಡಿ. ಎಷ್ಟು ದೊಡ್ಡದು ಬೇಕೋ ಅಷ್ಟಕ್ಕೆ ಫೋಕಸ್ ರಿಂಗ್ ನಿಲ್ಲಿಸಿ, ಆಮೇಲೆ ರಿಂಗ್ ಮರೆತುಬಿಡಿ. ಮೈಯನ್ನೇ ಮುಂದೆ ತಂದು, ಕಣ್ಣು ಚೂಪಾದ ಕ್ಷಣಕ್ಕೆ ಕ್ಲಿಕ್ಕಿಸಿ. ಇನ್ನೂ ಒಳ್ಳೆಯದು: ಹುಳ ಕೂತ ಕಡ್ಡಿಯನ್ನು ಎಡಗೈಯ ಎರಡು ಬೆರಳಲ್ಲಿ ಮೆಲ್ಲಗೆ ಹಿಡಿದು, ಅದೇ ಕೈಯ ಮೇಲೆ ಲೆನ್ಸ್ ಊರಿ. ಆಗ ಗಾಳಿಗೆ ಹುಳ ಅಲ್ಲಾಡಿದರೆ ಲೆನ್ಸೂ ಜೊತೆಗೇ ಅಲ್ಲಾಡುತ್ತದೆ. ಕಡ್ಡಿ ಹಿಡಿಯುವ ಮುನ್ನ ಅದರ ಹಿಂಬದಿ ನೋಡಿ. ಮುಳ್ಳಾದರೆ ಸರಿ, ಚುಚ್ಚುವ ಕಂಬಳಿಹುಳವಾದರೆ ಆ ರಾತ್ರಿ ಅಲ್ಲಿಗೇ ಮುಗಿಯುತ್ತದೆ.

ಪದರ ತೆಳು ಇರುವುದರಿಂದ ಅದನ್ನು ಹೇಗೆ ಇಡುತ್ತೀರಿ ಎಂಬುದೇ ಚಿತ್ರ. ಕಡ್ಡಿಹುಳವನ್ನು ಪಕ್ಕದಿಂದ ಸಮಾನಾಂತರವಾಗಿ ತೆಗೆದರೆ ತಲೆಯಿಂದ ಬಾಲದವರೆಗೂ ಸ್ಪಷ್ಟ. ಎದುರಿನಿಂದ ತೆಗೆದರೆ ಕಣ್ಣು ಮಾತ್ರ, ಮಿಕ್ಕದ್ದೆಲ್ಲ ಹೊಗೆ. ಎರಡೂ ಚೆಂದವೇ. ಕಣ್ಣು ಮಸುಕಾಗಿ ಬೆನ್ನು ಚೂಪಾದರೆ ಮಾತ್ರ ಅಳಿಸಿಬಿಡಿ.

ಫೋಕಸ್‌ಗೆ ಒಂದು ಮಂದ ಎಲ್‌ಇಡಿ ಸಾಕು. ಪ್ರಖರ ಟಾರ್ಚಿನಲ್ಲಿ ಫೋಕಸ್ ಮಾಡಿದರೆ ಹುಳ ಜಾಗ ಬಿಡುತ್ತದೆ, ನಿಮ್ಮ ಕಣ್ಣೂ ಕತ್ತಲೆಗೆ ಕುರುಡಾಗುತ್ತದೆ.

ಹಿನ್ನೆಲೆ ಯಾವಾಗಲೂ ಕಪ್ಪು. ಏನು ಮಾಡಲಿ?

ಫ್ಲ್ಯಾಶಿನಿಂದ ಹುಳ ಹತ್ತು ಸೆಂ.ಮೀ., ಹಿಂದಿನ ಎಲೆ ಒಂದು ಮೀಟರ್ ಇದ್ದರೆ ಎಲೆಗೆ ತಲುಪುವುದು ಹುಳಕ್ಕೆ ಸಿಕ್ಕ ಬೆಳಕಿನ ನೂರರಲ್ಲೊಂದು ಪಾಲು. ಕಪ್ಪಾಗದೆ ಇನ್ನೇನಾದೀತು? ಹಿಂದೆ ಎರಡು ಮೂರು ಇಂಚಿನಲ್ಲಿ ಎಲೆಯೋ ತೊಗಟೆಯೋ ಬರುವಂತೆ ನೀವೇ ಜಾಗ ಬದಲಿಸಿ. ಇಲ್ಲವೇ ಜೊತೆಗಾರರು ಒಂದು ಒಣ ಎಲೆಯನ್ನು ಹಿಂದೆ ಹಿಡಿಯಲಿ. ಕಪ್ಪು ಹಿನ್ನೆಲೆ ತಪ್ಪೇನಲ್ಲ, ಬಿಳಿ ಪತಂಗಕ್ಕೆ ಒಪ್ಪುತ್ತದೆ. ಕಪ್ಪು ಜೇಡಕ್ಕೆ ಮಾತ್ರ ಕಾಲುಗಳೇ ಕಾಣೆಯಾಗುತ್ತವೆ.

ಫೋಕಸ್ ಸ್ಟ್ಯಾಕಿಂಗ್ ಮಾಡಲೇಬೇಕೇ?

ಬೇಕಿಲ್ಲ. ಮಲಗಿರುವ ಹುಳ, ಗಾಳಿಯಿಲ್ಲದ ರಾತ್ರಿ, ಕೈಗೆ ಊರುಗೋಲು, ಮೂರೂ ಸೇರಿದರೆ ಫೋಕಸನ್ನು ಕೂದಲೆಳೆಯಷ್ಟು ಸರಿಸುತ್ತಾ ಹತ್ತು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಜೋಡಿಸಬಹುದು. ಮೀಸೆ ಆಡಿಸುವ ಹುಳಕ್ಕೆ ಮಾಡಿದರೆ ಆರು ಮೀಸೆ ಬರುತ್ತವೆ.

ಫ್ಲ್ಯಾಶಿನಿಂದ ಅವಕ್ಕೆ ತೊಂದರೆಯಾಗುವುದಿಲ್ಲವೇ?

ಕ್ಷಣದ ಫ್ಲ್ಯಾಶಿಗಿಂತ ಬಿಡದೆ ಉರಿಯುವ ಟಾರ್ಚ್ ದೊಡ್ಡ ಕಾಟ. ಪತಂಗಗಳು ದೀಪದ ಸುತ್ತ ಸುತ್ತುವುದು ಬೆಳಕಿನ ಮೋಹದಿಂದ ಎಂದು ಕವಿಗಳು ಹೇಳುತ್ತಾ ಬಂದರು. 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿ ಬೇರೆಯೇ ಕಾರಣ ಹೇಳಿತು. ಹಾರುವ ಹುಳಗಳು ಬೆಳಕಿರುವ ಕಡೆಗೆ ಬೆನ್ನು ತಿರುಗಿಸುತ್ತವೆ, ಏಕೆಂದರೆ ಅವುಗಳ ಲೆಕ್ಕದಲ್ಲಿ ಬೆಳಕಿರುವ ದಿಕ್ಕೇ ಆಕಾಶ. ದೀಪ ಪಕ್ಕದಲ್ಲಿದ್ದರೆ ಆ ಲೆಕ್ಕ ತಪ್ಪಿ ಸುತ್ತುತ್ತಲೇ ಇರುತ್ತವೆ. ನಿಮ್ಮ ಹೆಡ್‌ಲ್ಯಾಂಪಿಗೆ ಬಂದು ಬಡಿಯುವ ಪತಂಗದ ಪಾಡೂ ಇದೇ. ಹಾಗಾಗಿ ಹುಡುಕುವಾಗ ಬೆಳಕು ತಗ್ಗಿಸಿ, ನಿಂತಾಗ ಆರಿಸಿ. ಅನೇಕ ಹುಳಗಳಿಗೆ ಕೆಂಪು ಸರಿಯಾಗಿ ಕಾಣದು, ಕೆಂಪು ದೀಪವಿದ್ದರೆ ಅದರಲ್ಲೇ ಕಾಯಿರಿ.

ನನ್ನದೊಂದು ಲೆಕ್ಕವಿದೆ: ಒಂದು ಹುಳಕ್ಕೆ ಹತ್ತು ಹದಿನೈದು ಕ್ಲಿಕ್, ಆಮೇಲೆ ಮುಂದಿನ ಗಿಡ. ಮಿಂಚುಹುಳಗಳಿದ್ದಲ್ಲಿ ಫ್ಲ್ಯಾಶ್, ಟಾರ್ಚ್ ಎರಡೂ ಬಂದ್. ಅವು ಜೊತೆಗಾರರನ್ನು ಕರೆಯುವುದೇ ಬೆಳಕಿನಲ್ಲಿ, ನಿಮ್ಮದು ನಡುವೆ ಅರಚಿದಂತೆ. ಪೊರೆ ಕಳಚುತ್ತಿರುವ ಯಾವುದನ್ನೂ ಮುಟ್ಟಬೇಡಿ, ಕಡ್ಡಿಯನ್ನೂ ಅಲುಗಿಸಬೇಡಿ. ಆಗ ಕೆಳಗೆ ಬಿದ್ದರೆ ರೆಕ್ಕೆ ಸೊಟ್ಟಗೇ ಗಟ್ಟಿಯಾಗಿ ಮತ್ತೆ ಹಾರಲಾರದು.

ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿ ತೆಗೆಯುತ್ತಾರಂತೆ?

ತೆಗೆಯುವವರಿದ್ದಾರೆ. ಕಾಲು ಮಡಚಿದ ರೀತಿಯಲ್ಲೇ ಗೊತ್ತಾಗುತ್ತದೆ. ನನ್ನ ಜೊತೆ ಬರುವವರು ಹಾಗೆ ಮಾಡುವಂತಿಲ್ಲ.

ಚೇಳಿಗೆ ಯುವಿ (ಅತಿನೇರಳೆ) ಟಾರ್ಚ್ ಯಾವುದು?

365 ನ್ಯಾನೋಮೀಟರಿನದು ಉತ್ತಮ, 395ರದ್ದೂ ನಡೆಯುತ್ತದೆ, ಆದರೆ ನೇರಳೆ ಮಬ್ಬು ಹೆಚ್ಚು. ಚೇಳಿನ ಹೊರಚರ್ಮ ಹಸಿರು-ನೀಲಿಯಾಗಿ ಬೆಳಗುತ್ತದೆ. ಆಗಷ್ಟೇ ಪೊರೆ ಬಿಟ್ಟ ಚೇಳು ಬೆಳಗುವುದಿಲ್ಲ, ಚರ್ಮ ಗಟ್ಟಿಯಾಗುತ್ತಾ ಹೊಳಪು ಬರುತ್ತದೆ. ಫೋಟೋಗೆ ಫ್ಲ್ಯಾಶ್ ಬಂದ್ ಮಾಡಿ, ಕ್ಯಾಮೆರಾ ನೆಲಕ್ಕೆ ಊರಿ, ಒಂದೆರಡು ಸೆಕೆಂಡಿನ ಎಕ್ಸ್‌ಪೋಷರ್ ಕೊಡಿ. ತೆಗೆದ ಕೂಡಲೇ ಟಾರ್ಚ್ ಆರಿಸಿ. ಆ ಬೆಳಕನ್ನು ನಿಮ್ಮ ಕಣ್ಣಿಗೂ ಬಿಟ್ಟುಕೊಳ್ಳಬೇಡಿ.

ಜಿಗಿಯುವ ಜೇಡ ರಾತ್ರಿ ಸಿಗುತ್ತದೆಯೇ?

ಹಗಲಿನ ಬೇಟೆಗಾರ ಅದು, ರಾತ್ರಿ ಮಲಗುತ್ತದೆ. ಎಲೆಯ ಮಡಿಕೆಯಲ್ಲಿ ಹೆಣೆದ ರೇಷ್ಮೆ ಚೀಲದೊಳಗೆ ಅಥವಾ ಒಂದೇ ಎಳೆಗೆ ತಲೆಕೆಳಗಾಗಿ ಜೋತು. ಹೀಗೆ ಜೋತು ಮಲಗಿದ ಮರಿಗಳ ಪಾರದರ್ಶಕ ತಲೆಯೊಳಗೆ ಅಕ್ಷಿಪಟಲಗಳು ಆಗಾಗ ಚಲಿಸುವುದನ್ನು, ಜೊತೆಗೇ ಕಾಲುಗಳು ಕಂಪಿಸುವುದನ್ನು 2022ರಲ್ಲಿ ವಿಜ್ಞಾನಿಗಳು ವರದಿ ಮಾಡಿದರು. ನಾವು ಕನಸು ಕಾಣುವಾಗಿನ ನಿದ್ದೆಯನ್ನು ಹೋಲುವ ಸ್ಥಿತಿ. ಇದನ್ನು ಓದಿದ ಮೇಲೆ ನೇತಾಡುವ ಜೇಡಕ್ಕೆ ಎರಡು ಕ್ಲಿಕ್ಕಿಗಿಂತ ಹೆಚ್ಚು ಹೊಡೆಯಲು ನನಗೆ ಮನಸ್ಸಾಗುತ್ತಿಲ್ಲ.

ಹಾವು, ಕಡಿತ, ಉರಿ?

ಹಾವುಗಳಿವೆ ಎಂದೇ ನಡೆಯಿರಿ. ಕಣಕಾಲು ಮುಚ್ಚುವ ಬೂಟು, ಉದ್ದ ಪ್ಯಾಂಟು. ಮೊದಲು ಬೆಳಕು ನೆಲಕ್ಕೆ, ಆಮೇಲೆ ಹೆಜ್ಜೆ. ವ್ಯೂಫೈಂಡರಿಗೆ ಕಣ್ಣಿಟ್ಟು ಹಿಂದೆ ಸರಿಯುವುದು ಎಲ್ಲರೂ ಮಾಡುವ ತಪ್ಪು. ಮೊಣಕಾಲೂರುವ ಮುನ್ನವೂ ಜಾಗ ನೋಡಿ. ಬಿಲ, ಪೊಟರೆ, ಕೊಳೆತ ದಿಮ್ಮಿಯ ಅಡಿಗೆ ಕೈ ಹಾಕಬೇಡಿ. ಒಂಟಿಯಾಗಿ ಹೋಗಬೇಡಿ, ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಹೇಳಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡಿಸದೆ ನೇರ ಆಸ್ಪತ್ರೆಗೆ.

ನಿಜವಾಗಿ ಕಾಡುವವು ಸಣ್ಣವು. ಕಿತ್ತಳೆ-ಕಪ್ಪು ಪಟ್ಟೆಯ, ಒಂದು ಸೆಂಟಿಮೀಟರಿಗೂ ಸಣ್ಣ ಪೆಡೆರಸ್ ಹುಳ ಹೆಡ್‌ಲ್ಯಾಂಪಿಗೆ ಬಂದು ಕುತ್ತಿಗೆ ಮೇಲೆ ಇಳಿಯುತ್ತದೆ. ಅದು ಕಚ್ಚುವುದಿಲ್ಲ, ನೀವು ಹೊಸಕಿದಾಗ ಅದರ ಮೈರಸ ಚರ್ಮ ಸುಡುತ್ತದೆ, ಬೊಬ್ಬೆ ಏಳುತ್ತದೆ. ಊದಿ ಓಡಿಸಿ, ಸೋಪು ಹಚ್ಚಿ ತೊಳೆಯಿರಿ. ಜರಿಯನ್ನು ಕೈಯಲ್ಲಿ ಹಿಡಿಯುವ ಯೋಚನೆ ಯಾರಿಗೂ ಬರುವುದಿಲ್ಲ ಅಂದುಕೊಂಡಿದ್ದೆ, ಒಬ್ಬರಿಗೆ ಬಂತು.

ಲೆನ್ಸ್ ಮಂಜಾಗುತ್ತದೆ.

ತಂಪು ಕೋಣೆಯಿಂದ ಬೆಚ್ಚಗಿನ ಒದ್ದೆ ಗಾಳಿಗೆ ತಂದಿದ್ದೀರಿ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ. ಒರೆಸಿದರೆ ಮತ್ತೆ ಬರುತ್ತದೆ.

ಯಾವ ರಾತ್ರಿ ಒಳ್ಳೆಯದು?

ಮಳೆ ನಿಂತ ಬೆಚ್ಚಗಿನ, ಗಾಳಿಯಿಲ್ಲದ, ಬೆಳದಿಂಗಳಿಲ್ಲದ ರಾತ್ರಿ. ಗಾಳಿಯೊಂದಿದ್ದರೆ ಮನೆಯಲ್ಲೇ ಇದ್ದು ಬ್ಯಾಟರಿ ಚಾರ್ಜ್ ಮಾಡಿಕೊಳ್ಳಿ.

ತೆಗೆದದ್ದು ಯಾವ ಹುಳವೆಂದು ತಿಳಿಯುವುದು ಹೇಗೆ?

ಚೆಂದದ ಒಂದೇ ಕೋನದಿಂದ ಗುರುತು ಸಿಗದು. ಮೇಲಿನಿಂದ ಒಂದು, ಪಕ್ಕದಿಂದ ಒಂದು, ಎದುರಿನಿಂದ ಒಂದು ತೆಗೆಯಿರಿ. ಜೇಡವಾದರೆ ಎದುರಿನ ಚಿತ್ರದಲ್ಲಿ ಕಣ್ಣುಗಳು ಎಣಿಸುವಂತಿರಲಿ, ಏಕೆಂದರೆ ಕುಟುಂಬ ಪತ್ತೆಯಾಗುವುದು ಹೆಚ್ಚಾಗಿ ಎಂಟು ಕಣ್ಣುಗಳ ಜೋಡಣೆಯಿಂದ. ಬಲೆಯಲ್ಲಿದ್ದರೆ ಹೊಟ್ಟೆಯ ಅಡಿಭಾಗವೂ ಬೇಕು. ಸಮಯ, ಜಾಗ, ಕೂತಿದ್ದ ಗಿಡ ಬರೆದಿಡಿ. 2008ರಲ್ಲಿ ಶುರುವಾದ ಐನ್ಯಾಚುರಲಿಸ್ಟ್ ಜಾಲತಾಣಕ್ಕೆ ಹಾಕಿದರೆ ತಿಳಿದವರು ನೋಡಿ ಹೇಳುತ್ತಾರೆ. ಹೆಸರಿಟ್ಟ ಜೇಡ ಪ್ರಭೇದಗಳ ಎಣಿಕೆ 2022ರಲ್ಲೇ 50,000 ದಾಟಿದೆ. ಅವುಗಳಲ್ಲಿ ಬಹಳಷ್ಟನ್ನು ಸೂಕ್ಷ್ಮದರ್ಶಕದಡಿ ಜನನಾಂಗ ನೋಡದೆ ಖಚಿತ ಮಾಡಲಾಗದು. "ಯಾವುದೋ ತೋಳ ಜೇಡ" ಎಂಬಲ್ಲಿಗೆ ನಿಂತರೆ ಬೇಸರ ಬೇಡ.

ಕಾಲು ಎಣಿಸುವುದನ್ನು ಮಾತ್ರ ಮರೆಯಬೇಡಿ. ಎಲೆಯಡಿ ತೆಳು ರೇಷ್ಮೆಯೊಳಗೆ ಮಲಗಿದ್ದ ಕೆಂಪು ಇರುವೆಯೊಂದನ್ನು ತೆಗೆದು "ಇರುವೆ" ಎಂದೇ ಫೋಲ್ಡರಿಗೆ ಹಾಕಿದ್ದೆ. ಎರಡು ತಿಂಗಳ ಮೇಲೆ ಹಿಗ್ಗಿಸಿ ನೋಡಿದರೆ ಎಂಟು ಕಾಲು, ಮುಂದೆ ಎರಡು ದೊಡ್ಡ ದುಂಡು ಕಣ್ಣು. ಇರುವೆಯ ವೇಷದ ಜಿಗಿಯುವ ಜೇಡ. ಇರುವೆ ಹೀಗೆ ಒಂಟಿಯಾಗಿ ರೇಷ್ಮೆ ಹೊದ್ದು ಮಲಗುವುದಿಲ್ಲ ಎಂದು ಅಲ್ಲೇ ಹೊಳೆಯಬೇಕಿತ್ತು.